ಸುಕ್ಕಿಲ್ಲದ ಪಟ್ಟಿ

ಮಾರ್ಚ್ ೪, ಮಂಗಳವಾರ. ಬೆಳಿಗ್ಗೆ ೧೦.೨೦

ಹೆಂಡತಿ ಇನ್ನೂ ಆಪರೇಷನ್ ಥಿಯೇಟರಿನ ಒಳಗೇ ಇದ್ದಾಳೆ. ಬಲ ಮೊಣಕಾಲು. ವರ್ಷಗಟ್ಟಲೆ ಓಡುವ ಬಸ್ಸಿನಲ್ಲಿ ನಿಂತು ಟಿಕೆಟ್ ಹರಿದ ಕಾಲು, ಸವೆದಿತ್ತು. ಈಗ ಲೋಹದ ಕೀಲು ಕೂರಿಸುತ್ತಿದ್ದಾರೆ.

ಕಾದಂಬರಿ ತಂದಿದ್ದೇನೆ. ಅನುವಾದ, ದಪ್ಪನೆಯದು. ಒಂದೇ ಪುಟ ಮತ್ತೆ ಮತ್ತೆ ಓದುತ್ತಿದ್ದೇನೆ. ಬಾಗಿಲು ತೆರೆದಾಗಲೆಲ್ಲ ನನ್ನ ಕಣ್ಣು ಮನುಷ್ಯರನ್ನು ಬಿಟ್ಟು ಅವರು ತೊಟ್ಟಿದ್ದನ್ನು ನೋಡುತ್ತದೆ. ಗೌನು, ಟೋಪಿ, ಮಾಸ್ಕು, ಶೂ ಕವರು — ಎಲ್ಲ ನಾನ್‌ವೋವನ್, ನೇಯದ ಬಟ್ಟೆ. ಗೌನಿನ ತೋಳಿನ ಬೆಸುಗೆ ಚೆನ್ನಾಗಿಲ್ಲ. ನಮ್ಮ ಫ್ಯಾಕ್ಟರಿಯಲ್ಲಾದರೆ ಪಾಸ್ ಆಗುತ್ತಿರಲಿಲ್ಲ.

ಸ್ಟ್ರೆಚರ್ ಮೇಲೆ ಹೋಗುವಾಗಲೂ ಅವಳ ಬಾಯಿ ನಿಂತಿರಲಿಲ್ಲ. ಹೊದಿಸಿದ್ದನ್ನು ಬೆರಳಲ್ಲಿ ತಿಕ್ಕಿ ನೋಡಿದಳು.

"ಇದೂ ನಿಮ್ಮ ಫ್ಯಾಕ್ಟರಿದೇನಾ? ನೂಲಿಲ್ಲ, ನೇಯ್ಗೆ ಇಲ್ಲ... ಇದು ಬಟ್ಟೆ ಅಂದ್ರೆ ನಮ್ಮ ಬಸ್ಸು ವಿಮಾನ ರೀ."

ಸ್ಟ್ರೆಚರ್ ತಳ್ಳುವವನು ನಕ್ಕ. ಎಳೆಗಳನ್ನು ಹಾಸಿ, ಬಿಸಿ ಒತ್ತಿ ಕೂಡಿಸುತ್ತಾರೆ ಎಂದು ವಿವರಿಸಲು ಹೊರಟೆ. ಅಷ್ಟರಲ್ಲಿ ಬಾಗಿಲು ಮುಚ್ಚಿತು. ಅವಳಿಗೆ ಬೇಕಾಗಿದ್ದ ಮಾತು ಅದಾಗಿರಲಿಲ್ಲ.

ಮಾರ್ಚ್ ೭, ಶುಕ್ರವಾರ. ಸಂಜೆ

ಮನೆಗೆ ಬಂದೆವು. ನಾದಿನಿ ಬೆಳಗಿನ ಹೊತ್ತು ಇರುತ್ತಾಳೆ, ಉಳಿದಂತೆ ನಾನು. ಫ್ಯಾಕ್ಟರಿಗೆ ರಜೆ ಹಾಕಿದ್ದೇನೆ.

ಡಾಕ್ಟರು ಮೂರು ಸಲ ಹೇಳಿದ್ದು ಒಂದೇ ಮಾತು — ಮಡಚಬೇಕು. ನೋವಾದರೂ ದಿನಾ ಮಡಚಬೇಕು. ಮೊದಲ ವಾರಗಳಲ್ಲಿ ಮಡಚದ ಮೊಣಕಾಲು ಆಮೇಲೆ ಹಟ ಹಿಡಿಯುತ್ತದಂತೆ. ಇವಳು ಕೇಳಿದ್ದೂ ಒಂದೇ ಪ್ರಶ್ನೆ: "ಬಸ್ಸು ಹತ್ತಬಹುದಾ?" ಮಡಚಿದರೆ ಹತ್ತಬಹುದು. ಏಪ್ರಿಲ್ ಕೊನೆಯಲ್ಲಿ ಡಿಪೋ ಡಾಕ್ಟರ ಪರೀಕ್ಷೆ. ಪಾಸಾದರೆ ಹಳೆಯ ರೂಟು, ಹಳೆಯ ಡ್ರೈವರು. ಇಲ್ಲವಾದರೆ ಬಸ್ ಪಾಸು ಕೊಡುವ ಕೌಂಟರು.

"ಗಾಜಿನ ಹಿಂದೆ ಕೂರೋದಾ? ಮೀನಿನ ತರ?" ಅಂದಳು.

ಗಾಯದ ಮೇಲೆ ಪ್ಯಾಡು, ಅದರ ಮೇಲೆ ಅಗಲವಾದ ಟೇಪು. ಟೇಪು ನಮ್ಮದೇ, ನೋಡಿದ ತಕ್ಷಣ ಗೊತ್ತಾಯಿತು. ನಾನೇ ಅಗಲ ಕತ್ತರಿಸಿ ಸುರುಳಿ ಮಾಡಿಸುವ ಮಾಲು. ಆದರೆ ಅಂಟಿಸಿದ ರೀತಿ... ಮೇಲಂಚಿನಲ್ಲಿ ಎರಡು ಸುಕ್ಕು, ಪಕ್ಕದಲ್ಲಿ ಒಂದು. ಯಾರೋ ಅವಸರದಲ್ಲಿ ಹಾಕಿದ್ದಾರೆ.

ಮಾರ್ಚ್ ೮, ಶನಿವಾರ. ಸಂಜೆ ೬

ಪಟ್ಟಿ ಬದಲಿಸಿದೆ. ಸ್ನಾನದ ನೀರು ತಾಗಿ ಅಂಚು ಒದ್ದೆಯಾಗಿತ್ತು. ಒದ್ದೆಯಾದರೆ ಬದಲಿಸಿ ಎಂದು ಆಸ್ಪತ್ರೆಯ ಚೀಟಿಯಲ್ಲೇ ಇದೆ. ಕೈ ತೊಳೆದೆ, ಗ್ಲೌಸ್ ಹಾಕಿದೆ, ಸ್ಟೆರೈಲ್ ಪ್ಯಾಡಿನ ಪೊಟ್ಟಣ ಅಂಚು ಮುಟ್ಟದೆ ಬಿಚ್ಚಿದೆ. ಟೇಪನ್ನು ಎರಡೂ ಕಡೆ ಸಮ ಎಳೆದು, ನಡುವಿನಿಂದ ಹೊರಕ್ಕೆ ಒತ್ತುತ್ತ ಬಂದೆ. ಒಂದೇ ಒಂದು ಸುಕ್ಕಿಲ್ಲ.

ಬಟ್ಟೆಯನ್ನು ಸುರುಳಿ ಸುತ್ತುವ ನಮ್ಮ ವೈಂಡರ್ ಮೇಲೆ ಸುಕ್ಕು ಕಂಡರೆ ಇಡೀ ರೋಲು ಪಕ್ಕಕ್ಕೆ. ಹೊಸ ಹುಡುಗರಿಗೆ ಮೊದಲು ಕಲಿಸುವುದೇ ಅದು — ಬಟ್ಟೆ ಯಾವಾಗಲೂ ಬಿಗಿಯಾಗಿ ಓಡಬೇಕು.

"ಎಳೀತಿದೆ ರೀ."

"ಹೊಸದಲ್ವಾ, ಹಾಗನ್ಸುತ್ತೆ."

"ಚರ್ಮಾನೇ ಹಿಡ್ದು ಎಳ್ದಂಗಿದೆ."

"ದಿನಾ ಇದನ್ನೇ ನೋಡೋನು ನಾನು. ಸುಮ್ನಿರು."

"ನೀವು ನೋಡೋದು ಬಟ್ಟೆ. ನಾನು ಹೇಳ್ತಿರೋದು ಕಾಲು."

ಮಾತಿನಲ್ಲಿ ಇವಳನ್ನು ಗೆದ್ದವರಿಲ್ಲ. ನಕ್ಕು, ಹಳೆಯ ಪಟ್ಟಿ ಎತ್ತಿ ಕಸಕ್ಕೆ ಹಾಕಿದೆ.

ಮಾರ್ಚ್ ೯, ಭಾನುವಾರ

ನಿದ್ದೆ ಮಾಡಿಲ್ಲ. ಉರಿ ಅನ್ನುತ್ತಾಳೆ. ಆಪರೇಷನ್ ಆದ ಮೇಲೆ ಊತ ಸಹಜ ಎಂದು ಚೀಟಿಯಲ್ಲಿದೆ. ಓದಿ ಹೇಳಿದೆ.

"ಚೀಟಿಗೆ ಉರೀತಿಲ್ಲವಲ್ಲ," ಅಂದಳು. ಬಿಚ್ಚಿ ನೋಡಿ ಎಂದೂ ಕೇಳಿದಳು. ಪದೇ ಪದೇ ಬಿಚ್ಚಿದರೆ ಸೋಂಕಾಗುತ್ತದೆ ಎಂದೆ. ಅದು ಸುಳ್ಳಲ್ಲ. ನಿಜ ಹೇಳಬೇಕೆಂದರೆ, ಅಷ್ಟು ಚೆನ್ನಾಗಿ ಕೂತಿದ್ದನ್ನು ಕೀಳಲು ಮನಸ್ಸಾಗಲಿಲ್ಲ.

ಮಾರ್ಚ್ ೧೦, ಸೋಮವಾರ

ಮನೆಗೆ ಬರುವ ಸಿಸ್ಟರ್ ಪಟ್ಟಿ ಬಿಚ್ಚಿದರು. ಗಾಯ ಚೆನ್ನಾಗಿದೆ. ಗಾಯದ ಸುತ್ತ ಟೇಪಿನ ಅಂಚಿನುದ್ದಕ್ಕೂ ಗುಳ್ಳೆಗಳು. ನೀರು ತುಂಬಿದವು, ಹೆಬ್ಬೆರಳಿನಷ್ಟು. ಎರಡು ಒಡೆದು ಟೇಪಿನ ಜೊತೆಯೇ ಚರ್ಮ ಬಂತು. ಇವಳು ಹಾಸಿಗೆಯ ಅಂಚು ಹಿಡಿದುಕೊಂಡಳು.

ಸಿಸ್ಟರ್ ಹೇಳಿದ್ದು ಹೀಗೆ. ಎಳೆದು ಅಂಟಿಸಿದ ಟೇಪು ತನ್ನ ಅಳತೆಗೆ ವಾಪಸ್ ಹೋಗಲು ನೋಡುತ್ತದೆ. ಕೆಳಗೆ ಕಾಲು ಊದುತ್ತಿರುತ್ತದೆ. ನಡುವೆ ಸಿಕ್ಕ ಚರ್ಮ ಎಲ್ಲಿಗೆ ಹೋಗಬೇಕು? ಆಸ್ಪತ್ರೆಯಲ್ಲಿ ಬೇಕೆಂದೇ ಸಡಿಲ ಬಿಟ್ಟಿರುತ್ತಾರೆ, ಮಡಚಲು ಜಾಗ ಇರಲಿ ಎಂದು.

ಆ ಸುಕ್ಕುಗಳು.

"ಯಾರಮ್ಮಾ ಇದನ್ನ ಹಾಕಿದ್ದು?"

ನಾನು ಕಿಟಕಿಯ ಬಳಿ ಇದ್ದೆ. ಬಾಯಿ ತೆರೆದೆನೋ ಇಲ್ಲವೋ ಈಗ ಖಾತ್ರಿ ಇಲ್ಲ.

"ನಾನೇ ಹಾಕ್ಕೊಂಡೆ ಸಿಸ್ಟರ್."

"ಚೆನ್ನಾಗಿದೆ! ನಿಮ್ಮ ಬಸ್ಸಲ್ಲಿ ನಾನು ಬಂದು ಟಿಕೆಟ್ ಹರೀಲಾ?" ಎಂದು ಬೈದರು. ಇವಳು ತಲೆ ತಗ್ಗಿಸಿದಳು. ಬೈಸಿಕೊಂಡು ಸುಮ್ಮನಿರುವ ಹೆಂಗಸಲ್ಲ.

ಸಿಸ್ಟರ್‌ರನ್ನು ಗೇಟಿನವರೆಗೆ ಬಿಟ್ಟುಬಂದೆ. ಅಲ್ಲಿಯೂ ಹೇಳಬಹುದಿತ್ತು.

ಮಾರ್ಚ್ ೧೩, ಗುರುವಾರ

ಡಾಕ್ಟರು ನೋಡಿದರು. ಗುಳ್ಳೆ ಒಣಗುವವರೆಗೆ ಮಡಚುವುದು ಬೇಡ. ಒಡೆದ ಜಾಗದಿಂದ ಸೋಂಕು ಒಳಗಿಳಿದರೆ ಹಾಕಿದ ಕೀಲನ್ನೇ ತೆಗೆಯಬೇಕಾಗುತ್ತದೆ. ಎಷ್ಟು ದಿನ ಎಂದರೆ, "ನೋಡೋಣ." ಫೈಲಿನಲ್ಲಿ ಬರೆದರು: ರೋಗಿಯೇ ಪಟ್ಟಿ ಬದಲಿಸಿಕೊಂಡಿದ್ದಾರೆ. ನಾನು ಪಕ್ಕದಲ್ಲೇ ಕೂತಿದ್ದೆ. ತಲೆಕೆಳಗಾಗಿ ಓದಿದೆ.

ಮಾರ್ಚ್ ೧೯, ಬುಧವಾರ

ನಾದಿನಿ ಅಕ್ಕನಿಗೆ ಬೈಯುತ್ತಿದ್ದಳು. "ಇಲ್ಲದ ಉಸಾಬರಿ ನಿನಗ್ಯಾಕೆ ಬೇಕಿತ್ತು? ಮನೇಲಿ ಭಾವ ಇಲ್ವಾ? ಅದೇ ಕಸುಬಿನೋರು. ಅವರನ್ನ ಕೇಳಿದ್ರೆ ನೀಟಾಗಿ ಹಾಕ್ತಿರ್ಲಿಲ್ವಾ?"

"ಹಾಕ್ತಿದ್ರು," ಅಂದಳು ಇವಳು. "ತುಂಬಾ ನೀಟು ಅವರು."

ನನ್ನತ್ತ ನೋಡಲಿಲ್ಲ. ನಾದಿನಿ ಕೊಟ್ಟ ಕಾಫಿ ಕುಡಿದೆ.

ಏಪ್ರಿಲ್ ೨, ಬುಧವಾರ

ಕೆಲಸಕ್ಕೆ ಹೋಗತೊಡಗಿ ಮೂರನೆಯ ದಿನ. ಅವಳ ಬಸ್ಸಿನಲ್ಲೇ ಕೆಲಸಕ್ಕೆ ಬರುವ ಮೀಸೆಯ ವೈಂಡರ್ ಆಪರೇಟರ್ ಕೇಳಿದ, "ಹೇಗಿದಾರೆ ಸಾರ್ ಅಕ್ಕ? ಅವರಿಲ್ದೆ ಆ ಬಸ್ಸು ಸಾವಿನ ಮನೆ ಆಗೋಗಿದೆ. ಹೊಸ ಕಂಡಕ್ಟರ್ ಚಿಲ್ರೆ ಕೊಡ್ಬೇಕಾದ್ರೂ ಅಳ್ತಾನೆ." ಪರವಾಗಿಲ್ಲ ಎಂದೆ.

ಲ್ಯಾಬಿನಲ್ಲಿ ಟೇಪಿನ ಪಟ್ಟಿಯನ್ನು ಎಳೆದು ನೋಡುವ ಯಂತ್ರದ ಹಿಡಿತಕ್ಕೆ ಸಿಕ್ಕಿಸಿದೆ. ಯಂತ್ರ ಎಳೆಯಿತು, ಬಿಟ್ಟಿತು. ಪಟ್ಟಿ ಹೆಚ್ಚುಕಡಿಮೆ ಮೊದಲಿನ ಅಳತೆಗೆ ಬಂತು. ಇದು ನಾವು ಮಾರುವ ಗುಣ. ಕೈಪಿಡಿಯ ಆ ಪುಟ ಬರೆದವನು ನಾನೇ — ಮೈಯ ಚಲನೆಯ ಜೊತೆ ಹಿಗ್ಗಿ ಹಿಂತಿರುಗುತ್ತದೆ ಎಂದು. ಹಿಂತಿರುಗುವಾಗ ಅದಕ್ಕೆ ಅಂಟಿದ್ದು ಏನಾಗುತ್ತದೆ ಎಂದು ಒಂದು ಸಲವೂ ಯೋಚಿಸಿರಲಿಲ್ಲ. ಲ್ಯಾಬಿನಲ್ಲಿ ಪಟ್ಟಿ ಯಾವುದಕ್ಕೂ ಅಂಟಿರುವುದಿಲ್ಲ.

ಗುಳ್ಳೆ ಒಣಗಿವೆ. ಕಾಲು ಅರ್ಧ ಮಡಚುತ್ತದೆ, ಆಮೇಲೆ ಗೋಡೆ ತಾಗಿದ ಹಾಗೆ.

ಏಪ್ರಿಲ್ ೬, ಭಾನುವಾರ

ಕಾದಂಬರಿ ಮುಗಿಯಿತು. ಕೊನೆಯಲ್ಲಿ ಗಂಡ ಹೆಂಡತಿಯ ಮುಂದೆ ನಿಂತು, "ನನ್ನನ್ನು ಕ್ಷಮಿಸು" ಎನ್ನುತ್ತಾನೆ. ಅನುವಾದದಲ್ಲಿ ಎಲ್ಲ ಗಂಡಂದಿರೂ ಎಷ್ಟು ಸಲೀಸಾಗಿ ಅಂದುಬಿಡುತ್ತಾರೆ! ನಮ್ಮಪ್ಪ ಅಮ್ಮನಿಗೆ, ಮಾವ ಅತ್ತೆಗೆ, ಯಾರೂ ಯಾರಿಗೂ ಹಾಗೆ ಅಂದದ್ದು ನಾನು ಕೇಳಿಲ್ಲ. ಸ್ನಾನದ ಮನೆಯಲ್ಲಿ ನಿಂತು ಅಂದು ನೋಡಿದೆ. ಇನ್ಯಾರದೋ ಅಂಗಿ ತೊಟ್ಟ ಹಾಗೆ.

ಏಪ್ರಿಲ್ ೨೮, ಸೋಮವಾರ. ಸಂಜೆ

ಡಿಪೋ. ಇಸ್ತ್ರಿ ಮಾಡಿದ ಯೂನಿಫಾರಂ ಹಾಕಿಕೊಂಡು ಬಂದಿದ್ದಳು. ಹೆಗಲಿಗೆ ಬ್ಯಾಗು ಕೂಡ. ಡಿಪೋ ಡಾಕ್ಟರು ನಿಂತ ಬಸ್ಸಿನ ಬಾಗಿಲು ತೆಗೆಸಿ, "ಹತ್ತಿ" ಅಂದರು.

ಎಡಗಾಲು ಇಟ್ಟು ಬಲಗಾಲನ್ನು ಎಳೆದುಕೊಂಡಳು. "ಹಾಗಲ್ಲಮ್ಮ. ಬಲಗಾಲು ಮೊದಲು." ಕಂಬಿ ಹಿಡಿದಳು. ಕಾಲು ಎತ್ತಿದಳು. ಮೆಟ್ಟಿಲಿನ ಅಂಚಿಗೆ ಬೂಟು ತಾಗಿ ಕೆಳಗೆ ಬಂತು. ಮತ್ತೆ ಎತ್ತಿದಳು. ಅವಳ ಹಳೆಯ ಡ್ರೈವರು ಸೀಟಿನಿಂದ ಇಳಿದು, ಇಲ್ಲದ ಕೆಲಸ ಮಾಡಿಕೊಂಡು ಬಸ್ಸಿನ ಹಿಂದಕ್ಕೆ ಹೋದರು.

ಡಾಕ್ಟರು ಫೈಲು ತಿರುವಿದರು. "ನೀವೇ ಪಟ್ಟಿ ಬದಲಿಸಿಕೊಂಡ್ರಂತೆ. ಇಷ್ಟು ಸರ್ವೀಸ್ ಆದೋರು, ಇಂಥ ಅಜಾಗರೂಕತೆ..."

"ಅವಳಲ್ಲ," ಎಂದೆ. "ನಾನು. ಎಳೀತಿದೆ ಅಂದ್ರೂ ಕೇಳದೆ ಹಾಗೇ ಬಿಟ್ಟಿದ್ದು ನಾನು."

ಡಾಕ್ಟರು ಕನ್ನಡಕದ ಮೇಲಿಂದ ನೋಡಿದರು. ಒಂದು ಸಾಲು ಹೊಡೆದುಹಾಕಿ ಮೇಲೆ ಏನೋ ಬರೆದರು. ಆದರೆ ಕೆಳಗೆ ಬರೆದದ್ದು ಬದಲಾಗಲಿಲ್ಲ: ಕೌಂಟರು. ವರ್ಷದ ಕೊನೆಗೆ ಮತ್ತೊಮ್ಮೆ ನೋಡೋಣ ಎಂದರು, ಕಾಲು ಇಷ್ಟು ಬಿಗಿದ ಮೇಲೆ ಹೆಚ್ಚು ಆಸೆ ಬೇಡ ಎಂದೂ.

ಸ್ಟಾಪಿನ ಕಲ್ಲುಬೆಂಚಿನ ಮೇಲೆ ಕೂತೆವು. ಅವಳ ರೂಟಿನ ಬಸ್ಸು ಬಂತು, ಹೋಯಿತು.

"ಸಿಸ್ಟರ್ ಕೇಳಿದಾಗ್ಲೇ ಹೇಳಬೇಕಿತ್ತು ನಾನು."

"ಹೂಂ. ಹೇಳಬೇಕಿತ್ತು."

"ನೀನ್ಯಾಕೆ ನಿನ್ನ ಮೇಲೆ ಹಾಕ್ಕೊಂಡೆ?"

"ಟಿಕೆಟ್ ತಗೊಳ್ದೆ ಕೂತೋರು ನನಗೆ ದೂರದಿಂದ್ಲೇ ಗೊತ್ತಾಗ್ತಾರೆ ರೀ. ಕಿಟಕಿ ಕಡೆ ನೋಡ್ತಿರ್ತಾರೆ. ಒಂದೊಂದ್ಸಲ ನಾನೇ ಹತ್ರ ಹೋಗಿ ನಿಂತ್ಕೊತೀನಿ. ತಾವಾಗೇ ಜೇಬಿಗೆ ಕೈ ಹಾಕ್ಲಿ ಅಂತ." ಬ್ಯಾಗಿನ ಪಟ್ಟಿ ಹೆಗಲಿಂದ ಇಳಿಸಿದಳು. "'ಇಲ್ಲ ಸಿಸ್ಟರ್, ನಾನು' ಅಂತೀರಿ ಅಂತ ಕಾದೆ. ಇವತ್ತಿನವರೆಗೂ ಕಾದೆ."

ಅನುವಾದದ ಆ ಮಾತು ಬಾಯಿಗೆ ಬಂತು. ಅನ್ನಲಿಲ್ಲ. "ತಪ್ಪಾಯ್ತು ಕಣೇ," ಎಂದೆ. ಅವಳು ರಸ್ತೆ ನೋಡುತ್ತಿದ್ದಳು.

"ಆಟೋ ಕರೀರಿ," ಅಂದಳು. "ಬಸ್ಸು ಬೇಡ ಇವತ್ತು."

ಮೇ ೧೧, ಭಾನುವಾರ. ಬೆಳಿಗ್ಗೆ

ಒಂದು ವಾರ ಕೌಂಟರಿನಲ್ಲಿ ಕೂತಳು. ಅಲ್ಲಿ ಯಾರೂ ಮಾತಾಡುವುದಿಲ್ಲವಂತೆ, ತೂತಿನಲ್ಲಿ ಕೈ ತೂರಿಸುತ್ತಾರಂತೆ. ಮನೆಯಲ್ಲೂ ಮಾತು ಕಡಿಮೆ. ತಿಂಡಿ ಆಯ್ತಾ, ಗೇಟು ಹಾಕಿದ್ರಾ — ಇಷ್ಟೇ.

ಇವತ್ತು ಎದ್ದ ಕೂಡಲೇ ಕುರ್ಚಿಯಲ್ಲಿ ಕೂತು ಕರೆದಳು. "ಬನ್ನಿ ಇಲ್ಲಿ. ಕಾಲು ಹಿಂದಕ್ಕೆ ಒತ್ತಿ. ನನ್ನ ಕೈಲಿ ಆಗಲ್ಲ."

ಪಟ್ಟಿ ಹಾಕಿದ ದಿನದ ಮೇಲೆ ಅವಳ ಮೊಣಕಾಲನ್ನು ನಾನು ಮುಟ್ಟಿರಲಿಲ್ಲ. ನೆಲದ ಮೇಲೆ ಕೂತೆ. ಗುಳ್ಳೆ ಇದ್ದ ಜಾಗದಲ್ಲಿ ಚರ್ಮ ಕಪ್ಪಾಗಿ ನುಣುಪಾಗಿದೆ. ಒತ್ತಿದೆ. ಗೋಡೆ ಸಿಕ್ಕಿತು.

"ಸಾಕು ಅಂದಾಗ ಬಿಡ್ಬೇಕು."

"ಬಿಡ್ತೀನಿ."

ಇನ್ನಷ್ಟು ಒತ್ತಿದೆ. ಅವಳು ಸಾಕು ಅನ್ನಲಿಲ್ಲ. ತುಟಿ ಬಿಳಿಚಿತ್ತು. ಕೈ ತೆಗೆದೆ.

"ಯಾಕೆ ಬಿಟ್ರಿ? ಹೇಳಿರ್ಲಿಲ್ವಲ್ಲ ನಾನು."

"ನೋವಾಗ್ತಿತ್ತು ನಿನಗೆ."

"ಹೇಳೋದು ನನ್ನ ಕೆಲಸ ರೀ. ಕೇಳೋದಷ್ಟೇ ನಿಮ್ದು."

ನೀರು ಕುಡಿದು ಬರುತ್ತೇನೆಂದು ಎದ್ದು ಬಂದೆ. ಅಡುಗೆಮನೆಯಲ್ಲೇ ನಿಂತು ಬರೆಯುತ್ತಿದ್ದೇನೆ. ಒಳಗಿಂದ ಕುರ್ಚಿ ಸರಿಸುವ ಸದ್ದು. ಕರೆಯುತ್ತಿದ್ದಾಳೆ, ಇನ್ನೊಂದು ಸಲ ಅಂತೆ. ಹೋಗಿ ಒತ್ತಬೇಕು, ಅವಳು ಸಾಕು ಅನ್ನುವವರೆಗೆ.