ಜೇನಿನ ಸಿಹಿ ಎಲ್ಲಿ ಹೋಯಿತು

ಬಿಕರ್ನಕಟ್ಟೆ, ಮಂಗಳೂರು
೧೬ ಫೆಬ್ರವರಿ ೨೦೨೫

ಪ್ರೀತಿಯ ಮಗ ಕಮಲೇಶನಿಗೆ ಅಪ್ಪನ ಆಶೀರ್ವಾದ.

ಹೇಗಿದ್ದೀಯ? ರತ್ನಗಿರಿಯ ಐಸ್ ಪ್ಲಾಂಟಿನ ತಣ್ಣನೆಯ ಗಾಳಿಗೆ ನಿನ್ನ ಕೆಮ್ಮು ಹೆಚ್ಚಾಗಿಲ್ಲ ತಾನೆ? ನನ್ನ ಮಂಡಿನೋವು ಇದ್ದ ಹಾಗೆಯೇ ಇದೆ. ನಿನ್ನ ಅಮ್ಮ ಹರಿಣಾಕ್ಷಿ ಗಟ್ಟಿಯಾಗಿದ್ದಾಳೆ, ಸ್ವಲ್ಪ ಹೆಚ್ಚೇ ಗಟ್ಟಿಯಾಗಿದ್ದಾಳೆ. ಅದಕ್ಕೇ ಫೋನ್ ಬಿಟ್ಟು ಕಾಗದ ಬರೆಯುತ್ತಿದ್ದೇನೆ. ಫೋನಿನಲ್ಲಿ ಮಾತಾಡಿದರೆ ಅಡುಗೆಮನೆಗೆ ಕೇಳಿಸುತ್ತದೆ.

ವಿಷಯ ನೀನು ಸ್ಟೋರ್ ರೂಮಿನಲ್ಲಿ ಹುಳಿಯಲು ಇಟ್ಟು ಹೋದ ಬಿಯರಿನದು. ಕುಡಿತ ಬಿಟ್ಟ ಅಪ್ಪನ ಕೈಗೆ ಬಿಯರಿನ ಬಕೆಟ್ ಒಪ್ಪಿಸಿ ಹೋಗುವ ಮಗ ಇಡೀ ಮಂಗಳೂರಿನಲ್ಲಿ ನೀನೊಬ್ಬನೇ ಇರಬೇಕು. ಆದರೆ ಹೊರಡುವ ದಿನ ನೀನು ಆ ರೂಮಿನ ಕೀ ನನ್ನ ಕೈಗೆ ಕೊಟ್ಟಾಗ ನನಗೆ ಎಷ್ಟು ಸಂತೋಷವಾಯಿತೆಂದು ಹೇಳಿರಲಿಲ್ಲ. ದಿನಾ ಬೆಳಿಗ್ಗೆ ಹೋಗಿ ಕಿವಿಯಿಟ್ಟು ಕೇಳುತ್ತಿದ್ದೆ. ಮುಚ್ಚಳದ ಕೊಳವೆಯಲ್ಲಿ ಗುಳುಗುಳು ಸದ್ದು, ಬುಟ್ಟಿಯಲ್ಲಿ ಜೀವವಿರುವ ಏಡಿಗಳ ಹಾಗೆ. ನೊರೆ ಇಳಿದ ಮೇಲೆ ನೀನು ಹೇಳಿದಂತೆಯೇ ಜೇನು ಹಾಕಿದೆ. ನಂತೂರಿನ ಆರ್ಥರನ ಅಂಗಡಿಯದು, ನಾಲಗೆಗೆ ಇಟ್ಟು ನೋಡಿಯೇ ತಂದದ್ದು. ಅಷ್ಟು ಒಳ್ಳೆಯ ಜೇನು ಬಿದ್ದ ಮೇಲೆ ಬಿಯರು ಪಾಯಸದ ಹಾಗೆ ಆದೀತೆಂದು ಎಣಿಸಿದೆ. ಅಮ್ಮನ ಹತ್ತಿರ ಹೇಳಿಯೂ ಬಿಟ್ಟೆ. ಅದೇ ಎಡವಟ್ಟಾಯಿತು.

ಎರಡು ವಾರದ ಹಿಂದೆ ಅವಳೇ ಬಂದು ಒಂದು ಚಮಚ ತೆಗೆದು ಬಾಯಿಗೆ ಹಾಕಿಕೊಂಡಳು. "ಜೇನಿನ ಪರಿಮಳ ಉಂಟು, ಸಿಹಿ ಎಲ್ಲುಂಟು? ನೀವು ಕುಡಿದು ನೀರು ತುಂಬಿಸಿದ್ದಲ್ವಾ?" ಒಂದು ತೊಟ್ಟೂ ಮುಟ್ಟಿಲ್ಲ ಎಂದರೆ ನಂಬಲಿಲ್ಲ. ಕುಡಿಯುತ್ತಿದ್ದ ಕಾಲದಲ್ಲಿಯೂ ನಾನು ಹಾಗೆಯೇ ಹೇಳುತ್ತಿದ್ದೆನಲ್ಲ, ಅವಳನ್ನು ದೂರಿ ಪ್ರಯೋಜನವಿಲ್ಲ. ಕೀ ಕಿತ್ತುಕೊಂಡು ಸೆರಗಿಗೆ ಗಂಟು ಹಾಕಿಕೊಂಡಿದ್ದಾಳೆ. ಮಾತು ಬಿಟ್ಟಿದ್ದಾಳೆ. ನನಗೆ ತುಂಬ ಬೇಸರವಾಗಿದೆ ಮಗಾ.

ಬೇಸರದಷ್ಟೇ ಕುತೂಹಲವೂ ಇದೆ. ಸಿಹಿ ಹೋದದ್ದಾದರೂ ಎಲ್ಲಿಗೆ? ನೀನು ಹಾಕಿದ ಯೀಸ್ಟೇ ಅದನ್ನು ತಿಂದಿರಬೇಕೆಂದು ನನ್ನ ಗುಮಾನಿ. ಬೆಳಗಿನ ಕಳ್ಳಿನ ಸಿಹಿ ಸಂಜೆಗೆ ಉಳಿಯುವುದಿಲ್ಲ, ಅದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಹಾಗಾಗಿ ಹತ್ತು ದಿನದ ಹಿಂದೆ ಅದೇ ಜೇನನ್ನು ನೀರಿನಲ್ಲಿ ಕದಡಿ, ಮೊದಲು ಅಮ್ಮನಿಗೆ ರುಚಿ ತೋರಿಸಿದೆ. ಆಮೇಲೆ ಉಳಿದ ಯೀಸ್ಟ್ ಉದುರಿಸಿ, ಬಾಟಲಿಯ ಬಾಯಿಗೆ ಬಟ್ಟೆ ಕಟ್ಟಿ, ಅವಳ ಅಕ್ಕಿ ಡಬ್ಬಿಯ ಪಕ್ಕದಲ್ಲಿ ಇಟ್ಟೆ. "ನಾನು ಅಡುಗೆಮನೆಗೆ ಕಾಲಿಡುವುದಿಲ್ಲ, ನೀನೇ ಕಾಯಿ" ಎಂದೆ. "ಎಂತ ಮರ್ಲ್ ನಿಮ್ಮದು" ಎಂದಷ್ಟೇ ಹೇಳಿ ಹುಚ್ಚನನ್ನು ನೋಡುವಂತೆ ನೋಡಿದಳು. ಈಗ ಆಗಾಗ ಬಟ್ಟೆ ಸರಿಸಿ ಮೂಸುತ್ತಾಳೆ.

ನೀನೇ ಅವಳಿಗೆ ಫೋನ್ ಮಾಡಿ ಜೇನಿನ ಸಂಗತಿ ತಿಳಿಸು. ನಿನ್ನ ಮಾತನ್ನು ನಂಬುತ್ತಾಳೆ. ನೀನಾದರೂ ನನ್ನ ಮಾತು ನಂಬುತ್ತೀಯಲ್ಲ?

ಹೊತ್ತಿಗೆ ಸರಿಯಾಗಿ ಊಟ ಮಾಡು. ಎಲ್ಲಿದ್ದರೂ ದೇವರು ನಿನ್ನ ಬೆನ್ನಿಗಿರಲಿ.

ನಿನ್ನ ಅಪ್ಪ,
ಗಿರಿಯಪ್ಪ

ತಾ.ಕ.: ಫೋನ್ ಮಾಡುವುದು ಬೇಡ. ಕವರಿಗೆ ಗೋಂದು ಹಚ್ಚುವಷ್ಟರಲ್ಲಿ ಅಮ್ಮ ಬಾಟಲಿ ಹಿಡಿದುಕೊಂಡು ಬಂದಳು. "ಇದರಲ್ಲಿಯೂ ಸಿಹಿ ಇಲ್ಲ" ಎಂದಳು. ಸೆರಗಿನ ಗಂಟು ಬಿಚ್ಚಿ ಕೀ ನನ್ನ ಕೈಯಲ್ಲಿಟ್ಟು ಒಳಗೆ ಹೋದಳು. ಅಕ್ಷರ ಸೊಟ್ಟಗಾಗಿದ್ದರೆ ಬೇಸರಿಸಬೇಡ, ಕೀ ಇನ್ನೂ ಕೈಯಲ್ಲೇ ಇದೆ.