ಬಿಚ್ಚಿ ಜೋಡಿಸೋ ಫೋನು

ತೇರಗಾಂವ, ಹಳಿಯಾಳ

ಫೋನ್ ಕಂಪನಿ ಸಾಹೇಬರಿಗೆ ಮಾರ್ಥಾ ಮಾಡುವ ನಮಸ್ಕಾರ.

ಹೊಸ ಫೋನು ಹೆಂಗೈತಿ ಅಂತ ಕೇಳೀರಿ. ಚಲೋ ಐತ್ರಿ. ಕೂಲಿಯವರ ಹೊಟ್ಟಿ ಮ್ಯಾಲೆ ಹೊಡೀಲಾರದ ಮಾಡ್ಯಾರ, ಕೆಟ್ರ ಮನ್ಯಾಗ ಬಿಚ್ಚಿ ರಿಪೇರಿ ಮಾಡಬಹುದು ಅಂತ ಮಗಳು ಕರಿಷ್ಮಾ ಗೋವಾದಿಂದ ಕಳಿಸಿದ್ಲು.

ನಮ್ಮ ಯಜಮಾನರು ಡಮಾಮಿ ಡೋಲು ಕಟ್ಟವರು. ದನಿ ಹೋದ್ರ ಬಿಚ್ಚಿ, ಚರ್ಮ ಕಾಸಿ, ಮತ್ತ ಬಿಗೀತಾರ. ಈಗ ದಿನಾ ಸಂಜಿಮುಂದ ಫೋನು ಬಿಚ್ಚತಾರ. ಕರಿಷ್ಮಾನ ಫೋನ್ ಬರವಲ್ದು, ಒಳಗ ಏನೋ ಕೆಟ್ಟೈತಿ ಅಂತಾರ. ನಿಮ್ಮಿಂದ ಬ್ಯಾಟರಿ, ಸ್ಪೀಕರು ತರಿಸಿ ಹಾಕ್ಯಾರ.

ಮೇ ತಿಂಗಳದಾಗ ಆಕಿಗೆ ನಾವಿಬ್ಬರೂ ಕೂಡೇ ಮಣ್ಣು ಕೊಟ್ಟು ಬಂದೇವ್ರಿ.

ಇನ್ನ ಅವರು ಕೇಳಿದ್ರೂ ಸಾಮಾನು ಕಳಿಸಬ್ಯಾಡ್ರಿ. ಫೋನು ಕೆಟ್ಟಿಲ್ಲ ಅಂತ ನೀವ ಒಂದು ಸಾಲು ಬರದು ಕಳಸ್ರಿ. ನಾ ಹೇಳಿದ್ರ ನಂಬವಲ್ರು.

ಇಂತಿ,
ಮಾರ್ಥಾ ಬಸ್ತ್ಯಾಂವ ಸಿದ್ದಿ