ಬೆಲುಗಾ ಮಲಗುವ ಮಡು

ಸ್ತಾರಿ ಗ್ರಿಂದ್, ಡ್ಯಾನ್ಯೂಬ್ ನದೀಮುಖ
ಮೇ 23, ಸಂತ ನಿಕೋಲನ ಹಬ್ಬದ ಮರುದಿನ

ಮುದ್ದಿನ ಅನಿಸಿಯಾ,

ಹೇಗಿದ್ದೀ ಮಗಳೇ? ಹಾಸ್ಟೆಲಿನ ತಣ್ಣನೆಯ ಗೋಡೆಗಳ ನಡುವೆ ಕೆಮ್ಮು ಮತ್ತೆ ಶುರುವಾಗಿಲ್ಲ ತಾನೆ? ಲಾಂಚಿನವನ ಕೈಯಲ್ಲಿ ಕಳಿಸಿದ ಚೆರ್ರಿ ಮುರಬ್ಬ ಸಿಕ್ಕಿತೇ? ನೀನು ಒಂದು ಚಮಚ ತಿಂದು ಉಳಿದದ್ದನ್ನೆಲ್ಲ ಗೆಳತಿಯರಿಗೆ ಹಂಚಿರುತ್ತೀ, ನನಗೆ ಗೊತ್ತು. ನನ್ನ ಮಂಡಿನೋವು ಹಾಗೆಯೇ ಇದೆ. ತಾತ ಊಟ ಮಾಡುತ್ತಾರೆ, ಒಲೆಯ ಪಕ್ಕ ಕೂರುತ್ತಾರೆ, ನದಿಯ ಕಡೆಯ ಕಿಟಕಿಗೆ ಬೆನ್ನು ಹಾಕಿಕೊಂಡೇ ಕೂರುತ್ತಾರೆ. ಆರೋಗ್ಯ ಅಂದರೆ ಇಷ್ಟೇ.

ಹಬ್ಬಕ್ಕೆ ನೀನು ಬರಲಿಲ್ಲ. ಎಲ್ಲರೂ ಕೇಳಿದರು. ಓದು ಜಾಸ್ತಿ ಇದೆ ಅಂದೆ. ಹಾಗನ್ನುವಾಗ ನನ್ನ ನಾಲಿಗೆಗೇ ಕಹಿಯಾಯಿತು.

ಕಳೆದ ಶರತ್ಕಾಲದಲ್ಲಿ ನಿನ್ನ ತರಗತಿಯವರೆಲ್ಲ ಮೇಡಂ ಜೊತೆ ಬಂದದ್ದು ನೆನಪಿದೆಯಲ್ಲ? ನನ್ನ ಅಡುಗೆಮನೆಯ ಮೇಜಿನ ತುಂಬ ಗಾಜಿನ ಕೊಳವೆಗಳು. ನದಿಯ ನೀರಿಗೆ ಅದೇನೋ ಹನಿ ಬಿಟ್ಟು ಬಣ್ಣ ತಿರುಗುವುದನ್ನು ನೋಡುತ್ತಿದ್ದಿರಿ. ತಾತ ಬಾಗಿಲಲ್ಲಿ ನಿಂತು, "ಏನ್ರೇ, ನೀರಿಗೆ ಜ್ವರ ಬಂದಿದೆಯಾ?" ಅಂತ ನಕ್ಕಿದ್ದರು. ನಾಲ್ಕನೇ ಇಯತ್ತೆಗೇ ಶಾಲೆ ಬಿಟ್ಟ ಮನುಷ್ಯ, ಮೊಮ್ಮಗಳು ರಸಾಯನಶಾಸ್ತ್ರ, ಜೀವಶಾಸ್ತ್ರ, ಪರಿಸರ ಅಂತ ಓದುತ್ತಾಳೆ ಎಂದು ಊರಿನವರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದರು. ನಾನು ಮಾಡಿದ ಮೀನಿನ ಸಾರನ್ನು ನಿನ್ನ ಮೇಡಂ ಎರಡು ಸಲ ಹಾಕಿಸಿಕೊಂಡರು. ಆಮೇಲೆ ನೀನು ಮುದ್ದುಗರೆದೆ: "ತಾತಾ, ಬೆಲುಗಾ ಮೀನು ಚಳಿಗಾಲದಲ್ಲಿ ಎಲ್ಲಿ ಮಲಗುತ್ತೆ ತೋರ್ಸು. ನನ್ನ ಪ್ರಾಜೆಕ್ಟಿಗೆ ಬೇಕು."

ಆ ಮಡುವನ್ನು ಅವರು ನಿನ್ನ ಅಪ್ಪನಿಗೂ ತೋರಿಸಿರಲಿಲ್ಲ. ಬೆಲುಗಾ ಹಿಡಿಯಬಾರದೆಂದು ಸರ್ಕಾರ ಹೇಳಿದ ವರ್ಷದಿಂದ ಅದರ ಹತ್ತಿರ ಬಲೆ ಹಾಕಿದವರೂ ಅಲ್ಲ. ಮನುಷ್ಯನಿಗಿಂತ ಉದ್ದದ ಮೀನು ಕೆಳಗೆ ಮಲಗಿದೆ ಎಂದು ಗೊತ್ತಿದ್ದರೆ ಸಾಕಿತ್ತು ಅವರಿಗೆ. ನಿನ್ನ ಮಾತಿಗೆ ಕರಗಿ ಎಲ್ಲರನ್ನೂ ದೋಣಿಯಲ್ಲಿ ಕೂರಿಸಿಕೊಂಡು ಹೋದರು.

ಕ್ರಿಸ್‌ಮಸ್ಸಿಗೆ ಬಂದಾಗ ನೀನೇ ಫೋನಿನಲ್ಲಿ ನಿನ್ನ ಕಾಲೇಜಿನವರು ಹಾಕಿದ ನಕ್ಷೆ ತೋರಿಸಿದೆ. ಮಡು ಇರುವಲ್ಲಿ ಕೆಂಪು ಚುಕ್ಕೆ, ಕೆಳಗೆ ತಾತನಿಗೆ ಕೃತಜ್ಞತೆ. ಅವರು ಕನ್ನಡಕ ಹಾಕಿಕೊಂಡು, "ಸೀದೋರ್ ಅಂತ ನನ್ನ ಹೆಸರು ಸರಿಯಾಗಿ ಬರ್ದಿದಾರಾ?" ಅಂದರು. ಆಮೇಲೆ ಮೆಲ್ಲಗೆ, "ಇದನ್ನ ಯಾರು ಬೇಕಾದ್ರೂ ನೋಡಬೋದಾ?" ಅಂದರು. ನೀನು ಹಿಗ್ಗಿನಿಂದ, "ಇಡೀ ಪ್ರಪಂಚ ನೋಡುತ್ತೆ ತಾತಾ!" ಅಂದೆ.

ನೋಡಿತು. ಫೆಬ್ರವರಿಯಲ್ಲಿ ದೊಡ್ಡ ಎಂಜಿನ್ನಿನ ದೋಣಿಗಳು ಬಂದವು. ಯಾರೆಂದು ನಮಗೆ ಗೊತ್ತಿಲ್ಲ. ಬೆಳಗ್ಗೆ ತಾತ ಹೋಗಿ ನೋಡಿದರೆ ದಡದಲ್ಲಿ ತಾಯಿಮೀನು ಬಿದ್ದಿತ್ತು, ಹೊಟ್ಟೆ ಸೀಳಿ, ಚಿನ್ನದ ಬೆಲೆಗೆ ಮಾರುವ ಮೊಟ್ಟೆ ಬಗೆದುಕೊಂಡು ಬಿಟ್ಟುಹೋಗಿದ್ದರು. ನಾಯಿಗಳು ಎಳೆದಾಡುವುದು ಬೇಡ ಎಂದು ಅದನ್ನು ದೋಣಿಗೆ ಹಾಕಿಕೊಂಡು ಹೂಳಲು ಹೊರಟರು. ದಾರಿಯಲ್ಲೇ ನದಿ ಕಾವಲಿನವರು ಹಿಡಿದರು. ದೋಣಿಯ ತುಂಬ ರಕ್ತ. "ಆ ಮಡು ನಿನಗಲ್ಲದೆ ಇನ್ಯಾರಿಗೆ ಗೊತ್ತು ಮುದುಕಾ?" ಅಂದರಂತೆ. ಕಾಲೇಜಿನ ನಕ್ಷೆಯಲ್ಲಿದೆ ಸ್ವಾಮಿ ಅಂದರು ತಾತ. ಕಾವಲಿನವರು ಎರಡು ದಿನ ಬಿಟ್ಟು ಹುಡುಕಿದರು. ನಕ್ಷೆ ಇರಲಿಲ್ಲ. ಸುದ್ದಿ ತಿಳಿದದ್ದೇ ತಡ, ಹಿಂದಿನ ದಿನವೇ ಕಾಲೇಜಿನವರು ತೆಗೆದುಹಾಕಿದ್ದರು. ಅಂಥದ್ದನ್ನು ನಾವು ಪ್ರಕಟಿಸಿಯೇ ಇಲ್ಲ ಎಂದು ನಿನ್ನ ಮೇಡಂ ಬರೆದುಕೊಟ್ಟಿದ್ದಾರೆ. ನನ್ನ ಸಾರು ಉಂಡ ಬಾಯಿ ಅದು!

ದೋಣಿ ಹೋಯಿತು, ಬಲೆ ಹೋಯಿತು, ಎರಡನ್ನೂ ಜಪ್ತಿ ಮಾಡಿದರು. ಚರ್ಚಿನಲ್ಲಿ ಜನ ತಾತನ ಪಕ್ಕದಲ್ಲಿ ನಿಲ್ಲುವುದಿಲ್ಲ; ಅವರಿಂದಾಗಿ ಕಾವಲು ಬಿಗಿಯಾಯಿತೆಂದು ಎಲ್ಲರಿಗೂ ಸಿಟ್ಟು. ನಾನು ಫೋನು ಮಾಡಿದರೆ ನೀನು ಅತ್ತೆ. ಅತ್ತು, "ಅಜ್ಜೀ, ಕೋರ್ಸು ಮುಗಿಯೋವರೆಗೆ ಸುಮ್ನಿರು ಅಂದಿದಾರೆ ಮೇಡಂ, ಇಲ್ದಿದ್ರೆ ಫೇಲ್ ಮಾಡ್ತಾರೆ" ಅಂದೆ. ನಿನ್ನ ಅಳುವನ್ನು ನಾನು ನಂಬಿದೆ. ನಿನ್ನ ಮೌನವನ್ನೂ ನಂಬಬೇಕಾಗಿ ಬಂದಿದೆ.

ಮೀನು ಕಡಿಮೆಯಾಗಿದೆ ಎಂದು ನೀನು ಓದಿದ್ದು ಸುಳ್ಳಲ್ಲ. ಬಲೆ ಎಳೆಯುವ ಕೈಗೆ ಅದು ನಿಮಗಿಂತ ಮೊದಲೇ ತಿಳಿದಿತ್ತು. ಉಳಿಸಬೇಕೆಂದೇ ನೀನು ಹೊರಟದ್ದು, ಅದೂ ಗೊತ್ತು. ಆದರೆ ಉಳಿದಿದ್ದ ಒಂದು ತಾಯಿಯೂ ಹೋಯಿತು, ಅದನ್ನು ಕಾದುಕೊಂಡಿದ್ದವನೂ ಕಳ್ಳನಾದ. ಇದು ಯಾವ ಪಾಠದಲ್ಲಿ ಬರುತ್ತದೆ ಮಗಳೇ?

ಹೊತ್ತಿಗೆ ಸರಿಯಾಗಿ ಉಣ್ಣು. ನಿನ್ನ ನೆತ್ತಿಯ ಮೇಲೆ ನಮ್ಮ ಹಳೆಯ ಪದ್ಧತಿಯಂತೆ ಎರಡು ಬೆರಳಿನಿಂದ ಶಿಲುಬೆ ಬರೆದಿದ್ದೇನೆ ಅಂದುಕೋ. ಸಿಟ್ಟಿದ್ದರೂ ದೇವರ ಹತ್ತಿರ ಮೊದಲು ಬರುವುದು ನಿನ್ನ ಹೆಸರೇ.

ನಿನ್ನ ಅಜ್ಜಿ
ಯೆವ್ದೋಕಿಯಾ

ತಾ.ಕ.: ಲಾಂಚು ಸೀಟಿ ಹಾಕುತ್ತಿದೆ, ಬೇಗ ಬರೆಯುತ್ತೇನೆ. ಇದನ್ನು ನಿನಗೆ ತಿಳಿಸಬಾರದೆಂದು ತಾತ ನನ್ನಿಂದ ಆಣೆ ಹಾಕಿಸಿಕೊಂಡಿದ್ದಾರೆ. ಬರುವ ಮಂಗಳವಾರ ಬೆಳಗ್ಗೆ ನ್ಯಾಯಾಲಯದಲ್ಲಿ ವಿಚಾರಣೆ. ನಕ್ಷೆ ಇತ್ತೆಂದು ನೀನೊಬ್ಬಳು ಹೇಳಿದರೆ ತಾತ ನಿರ್ದೋಷಿ ಎಂದಾಗುತ್ತದೆ ಅನ್ನುತ್ತಾರೆ ವಕೀಲರು. ಆದರೆ ಅದೇ ಬೆಳಗ್ಗೆ ನಿನಗೆ ಕೊನೆಯ ಪರೀಕ್ಷೆ ಇದೆಯೆಂದು ತಾತನಿಗೆ ಗೊತ್ತಾಗಿದೆ. ಪರೀಕ್ಷೆ ಬಿಡಿಸಿ ನಿನ್ನನ್ನು ಕರೆಸಬಾರದೆಂದು, ಮೀನು ಕೊಂದದ್ದು ತಾನೇ ಎಂದು ಒಪ್ಪಿಕೊಳ್ಳಲು ಹೊರಟಿದ್ದಾರೆ.